ಗಾಳಿಗೆ ಏಳದ ಹಸಿರುಮನೆ



ಏಪ್ರಿಲ್ ಕೊನೆಯ ಒಂದು ಸಂಜೆ. ಅಶ್ವಿನಿ ಮಳೆ ಮುಗಿದು ಭರಣಿ ಹುಟ್ಟುವ ಹೊತ್ತು. ತುಮಕೂರು ಸೀಮೆಯ ನಮ್ಮ ಹಿತ್ತಲಲ್ಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಪುಟ್ಟ ಹಸಿರುಮನೆ ಕಟ್ಟಿ ಎರಡು ತಿಂಗಳಾಗಿತ್ತು. ಒಳಗೆ ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿಯ ಎಳೆ ಸಸಿಗಳು. ಪಡುವಣದಲ್ಲಿ ಮೋಡ ಕಪ್ಪಿಟ್ಟಿತು, ಧೂಳೆದ್ದಿತು, ತೆಂಗಿನ ಗರಿಗಳು ಒಂದೇ ಕಡೆಗೆ ಬಾಗಿದವು. ಕಾಲು ಗಂಟೆಯಲ್ಲಿ ಆ ಮನೆ ತಾನಿದ್ದ ಜಾಗದಲ್ಲಿರಲಿಲ್ಲ. ಎದ್ದು ಹೋಗಿ ಬೇಲಿಯಂಚಿನ ನುಗ್ಗೆಮರಕ್ಕೆ ಒರಗಿಕೊಂಡಿತ್ತು. ಪೈಪು ಒಂದೂ ಮುರಿದಿರಲಿಲ್ಲ, ಹಾಳೆ ಒಂದೇ ಕಡೆ ಹರಿದಿತ್ತು. ನೆಲದಲ್ಲಿ ಮಾತ್ರ ಆರು ಗುಣಿಗಳು ಬಾಯಿ ತೆರೆದುಕೊಂಡಿದ್ದವು. ಕಂಬಗಳನ್ನು ಒಂದಡಿ ಹೂತು, ಮಣ್ಣು ಹಾಕಿ ತುಳಿದು, ಗಟ್ಟಿಯಾಯಿತೆಂದು ನಂಬಿದ್ದೆವು.

ಹಸಿರುಮನೆ ಕಟ್ಟಬೇಕೆಂದವರು ಮೊದಲು ಕೇಳುವುದು ಯಾವ ಹಾಳೆ, ಯಾವ ಗಿಡ ಎಂದು. ನೆಲದೊಳಗೆ ಏನಿರಬೇಕು ಎಂದು ಯಾರೂ ಕೇಳುವುದಿಲ್ಲ. ಇವತ್ತು ನಾನು ಅಲ್ಲಿಂದಲೇ ಶುರುಮಾಡುತ್ತೇನೆ.

ನಾವು ವಾಸಿಸುವ ಮನೆಯನ್ನು ಅದರ ಭಾರವೇ ನೆಲಕ್ಕೆ ಒತ್ತಿ ಹಿಡಿದಿರುತ್ತದೆ. ಹಸಿರುಮನೆಗೆ ಭಾರವಿಲ್ಲ. ಅದು ಕೊಡೆಯ ಹಾಗೆ. ಬಿರುಗಾಳಿಯಲ್ಲಿ ಕೊಡೆ ಹಿಡಿದು ನಡೆದವರಿಗೆ ಗೊತ್ತು, ಗಾಳಿ ಅದನ್ನು ಕೆಳಗೆ ಒತ್ತುವುದಿಲ್ಲ, ಮೇಲಕ್ಕೆ ಎಳೆಯುತ್ತದೆ. ಬಾಗಿದ ಚಾವಣಿಯ ಮೇಲೆ ಹಾಯುವಾಗ ಗಾಳಿಯ ವೇಗ ಹೆಚ್ಚುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಹಾಳೆ ಮೇಲಕ್ಕೆ ಉಬ್ಬುತ್ತದೆ. ಗಾಳಿ ಬರುವ ಕಡೆಯ ಬಾಗಿಲೂ ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ತಳ್ಳುತ್ತದೆ. ಮೇಲಿನ ಎಳೆತ, ಕೆಳಗಿನ ತಳ್ಳು ಎರಡೂ ಸೇರಿದರೆ ಕಂಬ ಕಿತ್ತು ಬರುತ್ತದೆ.

ಎಷ್ಟು ಬಲ ಎಂದು ಒಂದು ಅಂದಾಜು ಹೇಳುತ್ತೇನೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟಾಗುತ್ತದೆ. ನಮ್ಮ ಹತ್ತು-ಹನ್ನೆರಡಡಿಯ ಚಾವಣಿಯ ಮೇಲೆ ಗಂಟೆಗೆ 30 ಕಿಲೋಮೀಟರ್ ಗಾಳಿ ಸುಮಾರು 47 ಕಿಲೋ ಬಲ ಹಾಕಬಲ್ಲದು. ಅದೇ ಗಾಳಿ 60ಕ್ಕೆ ಏರಿದರೆ 190 ಕಿಲೋ. ಕಟ್ಟಡಗಳ ಗಾಳಿಭಾರ ಲೆಕ್ಕಹಾಕಲು ಭಾರತೀಯ ಮಾನಕ 875 ಎಂಬುದಿದೆ. ಅದರಲ್ಲಿ ಬೆಂಗಳೂರಿಗೆ ಹಿಡಿದಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಹತ್ತಿರಹತ್ತಿರ 120 ಕಿಲೋಮೀಟರ್. ಆ ಗಾಳಿ ಬೀಸಿದರೆ ನಮ್ಮ ಪುಟ್ಟ ಚಾವಣಿಯನ್ನು 750 ಕಿಲೋ ಬಲ ಮೇಲಕ್ಕೆ ಎಳೆಯುತ್ತದೆ.

ಈಗ ನೆಲದ ಲೆಕ್ಕ. ಒಂದು ಘನ ಅಡಿ ಕಾಂಕ್ರೀಟು ಸುಮಾರು 68 ಕಿಲೋ ತೂಗುತ್ತದೆ. ಒಂದಡಿ ಚೌಕ, ಎರಡಡಿ ಆಳದ ಗುಣಿಗೆ ಕಾಂಕ್ರೀಟು ತುಂಬಿದರೆ 136 ಕಿಲೋ. ಆರು ಕಂಬಕ್ಕೆ ಆರು ಗುಣಿ, ಒಟ್ಟು 800 ಕಿಲೋ ದಾಟಿತು. ಇದರ ಮೇಲೆ ಸುತ್ತಲ ಮಣ್ಣಿನ ಹಿಡಿತವೂ ಇದೆ. ನಮ್ಮ ಎರಡನೆಯ ಹಸಿರುಮನೆಯನ್ನು ಹೀಗೆಯೇ ನಿಲ್ಲಿಸಿದೆವು. ಮುಂದಿನ ಭರಣಿಯನ್ನೂ ಆಷಾಢದ ಗಾಳಿಯನ್ನೂ ಅದು ಕಂಡಿದೆ, ಕದಲಿಲ್ಲ.

ಗುಣಿಯಲ್ಲಿ ಇಳಿಸುವ ಜಿಐ ಪೈಪಿನ ಬುಡಕ್ಕೆ ಅಡ್ಡಲಾಗಿ ಒಂದು ಗೇಣು ಕಬ್ಬಿಣದ ಸರಳನ್ನು ಬೆಸುಗೆ ಹಾಕಿಸಿ. ಇಲ್ಲದಿದ್ದರೆ ಕಾಂಕ್ರೀಟು ನೆಲದಲ್ಲೇ ಉಳಿದು ನುಣುಪಾದ ಪೈಪು ಮಾತ್ರ ಜಾರಿ ಮೇಲೆ ಬರಬಹುದು. ಕಾಂಕ್ರೀಟನ್ನು ನೆಲಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರಿಸಿ ಸುತ್ತ ಇಳಿಜಾರು ಕೊಟ್ಟರೆ ಬುಡದಲ್ಲಿ ನೀರು ನಿಲ್ಲುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಒಂದು ವಾರ ನೀರುಣಿಸಿ, ಆಮೇಲೆ ಹಾಳೆ ಹೊದಿಸಿ. ನಿಮ್ಮದು ಎರೆಭೂಮಿಯಾದರೆ ಇನ್ನೂ ಆಳಕ್ಕೆ ಹೋಗಿ. ಆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಕಂಬವನ್ನು ವರ್ಷ ವರ್ಷವೂ ಅಲುಗಿಸಿ ಸಡಿಲ ಮಾಡುತ್ತದೆ.

ಪಟ್ಟಣದ ತಾರಸಿಯಲ್ಲಿ ಕಟ್ಟುವವರು ದಯವಿಟ್ಟು ಸಜ್ಜವನ್ನಾಗಲಿ ತಾರಸಿಯನ್ನಾಗಲಿ ಕೊರೆಯಬೇಡಿ. ನೀರು ಸೋರುವುದು ಅಲ್ಲಿಂದಲೇ. ಅಲ್ಲಿ ಬೇಕಾದದ್ದು ತೂಕ. 200 ಲೀಟರಿನ ಡ್ರಮ್ಮಿಗೆ ನೀರು ತುಂಬಿದರೆ 200 ಕಿಲೋ. ನಾಲ್ಕು ಮೂಲೆಗೆ ನಾಲ್ಕು ಡ್ರಮ್ಮು ಇಟ್ಟು ಕಂಬಗಳನ್ನು ಅವಕ್ಕೆ ಬಿಗಿದರೆ ಲಂಗರೂ ಆಯಿತು, ಗಿಡಕ್ಕೆ ನೀರಿನ ದಾಸ್ತಾನೂ ಆಯಿತು. ಆದರೆ ಗಾಳಿಯ ದಿನಗಳಲ್ಲಿ ಅವು ತುಂಬಿಯೇ ಇರಬೇಕು. ಅಷ್ಟು ಭಾರ ಕೆಳಗಿನ ಗೋಡೆ, ತೊಲೆಗಳ ಮೇಲೆ ಬೀಳುವಂತೆ ಇಡಬೇಕು. ಹಳೆಯ ಮನೆಯಾದರೆ ಎಂಜಿನಿಯರರನ್ನು ಕೇಳದೆ ಈ ಕೆಲಸಕ್ಕೆ ಕೈಹಾಕಬೇಡಿ.

ಹಾಳೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಿಸಿಲಿನ ಅತಿನೇರಳೆ ಕಿರಣ ತಾಳುವ 200 ಮೈಕ್ರಾನ್ ಪಾಲಿಥೀನ್ ಸಾಕು. ಸಡಿಲವಾಗಿ ಪಟಪಟ ಬಡಿಯುವ ಹಾಳೆ ಬೇಗ ಹರಿಯುತ್ತದೆ, ಆದ್ದರಿಂದ ಮೊಳೆ ಹೊಡೆಯದೆ, ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಜಿಗ್‌ಜಾಗ್ ಸ್ಪ್ರಿಂಗ್ ಕೂರಿಸಿ ಬಿಗಿ ಮಾಡಿ. ಹಾಳೆ ತಾಗುವ ಪೈಪಿನ ಮೈಗೆ ಬಿಳಿ ಬಣ್ಣ ಬಳಿಯಿರಿ. ಬಿಸಿಲಿಗೆ ಕಾದ ಪೈಪು ತಾಗಿದಲ್ಲೇ ಹಾಳೆ ಮೊದಲು ಸಾಯುವುದು. ಮೂಲೆಗಳಲ್ಲಿ ಓರೆ ಪೈಪಿನ ಆಸರೆ ಇರಲಿ. ಚೌಕಟ್ಟು ಜೋಳಿಗೆಯಂತೆ ತೂಗಾಡದಿರುವುದು ಅದರಿಂದ.

ಇನ್ನು ಒಳಗಿನ ಸಂಗತಿ. ಚಳಿದೇಶಗಳಲ್ಲಿ ಗಾಜಿನ ಮನೆ ಹುಟ್ಟಿದ್ದು ಬಿಸಿಯನ್ನು ಕೂಡಿಹಾಕಲು. ನಮಗೆ ಆ ಕಷ್ಟವಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲಿಟ್ಟ ಗಾಜಿನ ಮನೆಯನ್ನು ನೋಡಿದ್ದೀರಲ್ಲ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯದು. ಅಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ಹೋಗುವುದು ಆ ಎತ್ತರಕ್ಕೆ, ಗಾಳಿ ಸರಾಗವಾಗಿ ಆಡುವ ಆ ಬಯಲಿಗೆ. ನಮ್ಮ ಹಿತ್ತಲಿನ ಹಸಿರುಮನೆಯ ಕೆಲಸ ಜಡಿಮಳೆಯನ್ನೂ ಕಡುಬಿಸಿಲನ್ನೂ ಹುಳುವನ್ನೂ ತಡೆಯುವುದು, ಬಿಸಿಯನ್ನು ಹೊರಗೆ ಕಳಿಸುವುದು.

ಬಿಸಿಗಾಳಿ ಮೇಲಕ್ಕೇರುತ್ತದೆ. ಹಾಗಾಗಿ ನೆತ್ತಿಯಲ್ಲಿ ಅದಕ್ಕೊಂದು ಕಿಂಡಿ ಬೇಕು. ಚಿಕ್ಕ ಮನೆಗೂ ನೆತ್ತಿಯ ಎತ್ತರ ಹತ್ತಡಿಗೆ ಕಡಿಮೆ ಬೇಡ. ಆ ಕಿಂಡಿ ಪೂರ್ವಕ್ಕೆ ಮುಖಮಾಡಿರಲಿ. ನಮ್ಮ ಮುಂಗಾರಿನ ಗಾಳಿ ಪಡುವಣ, ನೈಋತ್ಯದಿಂದ ಬರುವುದರಿಂದ ಮಳೆ ಒಳಗೆ ಎರಚುವುದಿಲ್ಲ, ಮೇಲೆ ಹಾಯುವ ಗಾಳಿ ಒಳಗಿನ ಸೆಕೆಯನ್ನು ಹೀರಿ ತೆಗೆಯುತ್ತದೆ. ಹಿಂಗಾರಿನಲ್ಲಿ ಮಳೆ ಮೂಡಣದಿಂದ ಬರುತ್ತದೆ, ಆಗ ಕಿಂಡಿಗೆ ಇಳಿಬಿಡಲು ಒಂದು ಪರದೆ ಇಟ್ಟುಕೊಳ್ಳಿ. ಬಿರುಗಾಳಿ ಏಳುವ ಸೂಚನೆ ಕಂಡರೆ ಗಾಳಿ ಬರುವ ಕಡೆಯ ಬಾಗಿಲು, ಪರದೆ ಮುಚ್ಚಿ ಬಿಗಿಯಿರಿ, ಎದುರು ಬದಿಯನ್ನು ಸ್ವಲ್ಪ ತೆರೆದಿಡಿ. ಒಳಗಿನ ಒತ್ತಡ ಆ ಕಡೆಯಿಂದ ಇಳಿದು ಹೋಗುತ್ತದೆ.

ಪಕ್ಕದ ಗೋಡೆಗಳಿಗೆ 40 ಮೆಶ್ ಕೀಟಬಲೆ ಹಾಕುತ್ತೇವೆ. ಒಂದು ಅಂಗುಲದಲ್ಲಿ 40 ಕಣ್ಣುಗಳು. ಬಿಳಿನೊಣ ಒಳಬರುವುದು ಕಷ್ಟ, ಗಾಳಿಗೂ ಸ್ವಲ್ಪ ಕಷ್ಟ. ಅದಕ್ಕೇ ಕಿಟಕಿಯಷ್ಟು ಬಲೆ ಸಾಲದು, ಗೋಡೆಯ ಬಹುಪಾಲು ಬಲೆಯೇ ಇರಬೇಕು. ಬಾಗಿಲು ಎರಡಿರಲಿ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯುವುದು ಮನೆಮಂದಿಗೆಲ್ಲ ರೂಢಿಯಾಗಬೇಕು. ಬೇಸಿಗೆಗೆ 50 ಪ್ರತಿಶತದ ನೆರಳುಬಲೆಯನ್ನು ಹಾಳೆಯ ಹೊರಗೆ, ಒಂದಡಿ ಮೇಲೆ ಕಟ್ಟಿ. ಒಳಗೆ ಕಟ್ಟಿದರೆ ಬಿಸಿಲು ಮನೆಹೊಕ್ಕ ಮೇಲೆ ತಡೆದಂತಾಗುತ್ತದೆ, ಸೆಕೆ ಒಳಗೇ ಉಳಿಯುತ್ತದೆ.

ಸಸಿಯ ಟ್ರೇಗಳಿಗೆ ಸೊಂಟದೆತ್ತರದ ಕಟ್ಟೆ ಮಾಡಿಕೊಳ್ಳಿ. ದಿನಕ್ಕೆರಡು ಸಲ ಬಾಗಿ ನೋಡುವ ನಮ್ಮ ಅಮ್ಮನಂಥವರ ಬೆನ್ನಿಗೆ ಅದೊಂದು ಉಪಕಾರ. ಟ್ರೇ ತುಂಬಲು ತೊಳೆದು ಉಪ್ಪಿನಂಶ ತೆಗೆದ ತೆಂಗಿನ ನಾರಿನ ಪುಡಿ, ನೆಲಕ್ಕೆ ಜಲ್ಲಿ ಹಾಸಿದ ಒಂದೂವರೆ ಅಡಿಯ ದಾರಿ, ಗಿಡದ ಮಟ್ಟದಲ್ಲಿ ನೆರಳಿನಲ್ಲಿ ತೂಗುಹಾಕಿದ ಒಂದು ಉಷ್ಣತಾಮಾಪಕ ಇದ್ದರೆ ಆರಂಭಕ್ಕೆ ಸಾಕು. ಹಬ್ಬುವ ಟೊಮ್ಯಾಟೊವನ್ನು ಚಾವಣಿಯ ಪೈಪಿಗೆ ಕಟ್ಟಬೇಡಿ. ಕಾಯಿಬಿಟ್ಟ ಬಳ್ಳಿಗಳ ಸಾಲು ಬಹಳ ತೂಗುತ್ತದೆ, ಅದಕ್ಕೆ ಬೇರೆ ಗೂಟ, ಬೇರೆ ತಂತಿ ಇರಲಿ.

ಯುಗಾದಿ ಕಳೆದ ವಾರ ನಾನು ಸ್ಪ್ಯಾನರು ಹಿಡಿದು ಒಂದು ಸುತ್ತು ಬರುತ್ತೇನೆ. ಪ್ರತಿ ಕಂಬವನ್ನೂ ಎರಡು ಕೈಯಲ್ಲಿ ಹಿಡಿದು ಅಲುಗಿಸುತ್ತೇನೆ, ಬೋಲ್ಟುಗಳನ್ನು ಬಿಗಿಯುತ್ತೇನೆ, ಹಾಳೆಯ ಮೇಲೆ ನೀರು ನಿಲ್ಲುವ ತಗ್ಗಿದೆಯೇ ಎಂದು ಬಕೆಟ್ ನೀರು ಎರಚಿ ನೋಡುತ್ತೇನೆ. ಒಂದು ಸೆಂಟಿಮೀಟರ್ ನೀರು ನಿಂತರೂ ಪ್ರತಿ ಚದರ ಮೀಟರಿಗೆ ಹತ್ತು ಕಿಲೋ ಭಾರ. ಅರ್ಧ ದಿನದ ಕೆಲಸ. ಭರಣಿ ಮಳೆ ಹುಟ್ಟುವುದರೊಳಗೆ ಅದು ಮುಗಿದಿರುತ್ತದೆ.