ಆರೈಕೆ ಮಾಡುವವರ ಆಯಾಸ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ರೋಗಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳುವವರು ಬಹಳ ಮಂದಿ. ನೋಡಿಕೊಳ್ಳುವವರನ್ನು ನೋಡುವವರು ಯಾರು ಎಂಬುದೇ ಈ ಹೊತ್ತಿನ ವಿಷಯ. ನಾವು ವೈದ್ಯರಲ್ಲ, ಮಿಲ್ಲಿನ ಗುಮಾಸ್ತರು. ನಮ್ಮ ಮನೆಯಲ್ಲಿ ತಪ್ಪು ಮಾಡಿ ಕಲಿತದ್ದನ್ನೇ ತಮ್ಮ ಮುಂದಿಡುತ್ತೇವೆ.

ನಮ್ಮ ತಾಯಿಯವರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಊರಿನಿಂದ ಕರೆತಂದು ಚಾಳಿನ ಒಂದೇ ಖೋಲಿಯಲ್ಲಿ ಇಟ್ಟುಕೊಂಡೆವು. ಬೆನ್ನು ಹುಣ್ಣಾಗದಂತೆ ಎರಡೆರಡು ತಾಸಿಗೆ ಮಗ್ಗಲು ಬದಲಿಸಬೇಕೆಂದು ಡಾಕ್ಟರರು ಹೇಳಿದ್ದರು. ರಾತ್ರಿ 10ರಿಂದ ಬೆಳಗಿನ 6ರವರೆಗೆ 5 ಸಲ. ತಿಂಗಳಿಗೆ 150 ಸಲ. ಅಷ್ಟು ಸಲವೂ ಎದ್ದವರು ನಮ್ಮ ಮನೆಯವರು. ನಿದ್ರೆಗೆಟ್ಟರೆ ಕಚೇರಿಯ ಲೆಕ್ಕ ತಪ್ಪೀತೆಂದು ನಾವು ಮಲಗಿಯೇ ಇದ್ದೆವು.

ಎಂಟನೆಯ ತಿಂಗಳಲ್ಲಿ ಒಂದು ಸಂಜೆ ಬಂದು ನೋಡಿದರೆ ತಾಯಿಯವರ ಎದೆಯ ಮೇಲೆ ಗಂಜಿ ಚೆಲ್ಲಿತ್ತು, ತೋಳಿನಲ್ಲಿ ಬೆರಳುಗಳ ಗುರುತು ಮೂಡಿತ್ತು. ಮನೆಯವರು ಬಾಗಿಲ ಬಳಿ ಕುಳಿತಿದ್ದರು. "ಕೈ ನನ್ನ ಮಾತು ಕೇಳಲಿಲ್ಲರೀ" ಎಂದರು. ತಾಯಿಯವರು ತೊದಲುತ್ತ, "ಆಕೀನ್ನ ಬೈಬ್ಯಾಡಪಾ, ಆಕಿ ಮಲಗಲಿ" ಎಂದರು.

ಮಿಲ್ಲಿನಲ್ಲಿ ಮೂರು ಪಾಳಿಗೆ ಬೇರೆ ಬೇರೆ ಮಂದಿಯ ಹಾಜರಿ ಬರೆಯುತ್ತಿದ್ದ ನಮಗೆ, ಮನೆಯಲ್ಲಿ ಮೂರು ಪಾಳಿಗೂ ಒಬ್ಬರೇ ದುಡಿಯುತ್ತಿರುವುದು ಆ ದಿನದವರೆಗೆ ಕಂಡಿರಲಿಲ್ಲ.

ಈ ಸ್ಥಿತಿಗೆ ಇಂಗ್ಲಿಷಿನಲ್ಲಿ 'ಬರ್ನ್‌ಔಟ್' ಎನ್ನುತ್ತಾರೆ. ಎಣ್ಣೆ ತೀರಿದ ಮೇಲೆ ಬತ್ತಿಯೇ ಸುಡುವುದಿಲ್ಲವೇ, ಹಾಗೆ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರು ಉಚಿತ ಚಿಕಿತ್ಸಾಲಯದ ಸೇವಕರಲ್ಲಿಯೂ ತಮ್ಮಲ್ಲಿಯೂ ಇದನ್ನು ಕಂಡು 1974ರಲ್ಲಿ ಬರೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ರೋಗವೆನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಮಾತ್ರ ವಿವರಿಸಿತು. ಮನೆಯ ಆರೈಕೆ ಅಲ್ಲಿಯೂ ಹಾಜರಿ ಪಟ್ಟಿಗೆ ಬರಲಿಲ್ಲ. ಆದರೆ ದಣಿವು ಪಟ್ಟಿ ನೋಡಿ ಬರುವುದಿಲ್ಲ.

ಗುರುತುಗಳೇನು? ಬಿಡುವಿದ್ದರೂ ನಿದ್ರೆ ಬಾರದು. ಊಟ ಸೇರದು. ಸಣ್ಣ ಮಾತಿಗೆ ಸಿಟ್ಟು, ಇಲ್ಲವೇ ಅಳು. ತನ್ನ ಔಷಧ ಮರೆಯುವುದು, ನೆರೆಯವರ ಮಾತು ಬೇಡವಾಗುವುದು. 'ಇದೊಮ್ಮೆ ಮುಗಿಯಬಾರದೇ' ಎಂಬ ಯೋಚನೆ. ಹಿಂದೆಯೇ 'ನಾನೆಂಥ ಪಾಪಿ' ಎಂಬ ಕೊರಗು. ಇವು ಕಂಡಾಗಲೇ ಕೆಲಸ ಹಂಚಿಕೊಳ್ಳಬೇಕು. ಕೈ ಒರಟಾದರೆ, ರೋಗಿಯ ಔಷಧ ತಪ್ಪತೊಡಗಿದರೆ, ರೋಗಿಗಾಗಲಿ ತನಗಾಗಲಿ ಕೇಡು ಮಾಡುವ ಯೋಚನೆ ಸುಳಿದರೆ, ನಾಳೆ ಎನ್ನಬಾರದು. ಅಂದೇ ಬೇರೆಯವರ ಕೈಗೆ ಒಪ್ಪಿಸಿ ಡಾಕ್ಟರರನ್ನು ಕಾಣಬೇಕು.

ಒಪ್ಪಿಸುವುದಕ್ಕೂ ಒಂದು ಕ್ರಮವುಂಟು. ಔಷಧದ ವೇಳೆ, ಮಗ್ಗಲು ಬದಲಿಸುವ ವೇಳೆ, ಗಂಜಿಯ ಹದ, ಇವನ್ನು ಚೀಟಿಯಲ್ಲಿ ಬರೆದಿಡಬೇಕು. ಹೊಸಬರೊಂದಿಗೆ ಒಂದು ದಿನ ಇರಬೇಕು. ರೋಗಿಗೆ ನಿಜ ಹೇಳಬೇಕು. ನಮ್ಮ ತಂಗಿ ಗದಗಿನಿಂದ ಒಂದು ತಿಂಗಳು ಬಂದಳು; ಮನೆಯವರು 15 ದಿನ ತವರಿಗೆ ಹೋದರು. ರಾತ್ರಿಯ ಎರಡು ಸರದಿ, ಭಾನುವಾರವಿಡೀ ನಮ್ಮ ಪಾಲಿಗೆ ಬಂದವು. ಲೆಕ್ಕವೇನೂ ತಪ್ಪಲಿಲ್ಲ.

ಬಂಧುಗಳಿಲ್ಲದವರೂ ದಾರಿ ಕೇಳಬಹುದು. ಕೈಮೀರಿದ ಕ್ಯಾನ್ಸರ್ ರೋಗಿಗಳಿಗಾಗಿ ನಮ್ಮ ಮುಂಬಯಿಯ ಬಾಂದ್ರಾದಲ್ಲಿ 1986ರಲ್ಲಿ ಶಾಂತಿ ಅವೇದನಾ ಸದನ ತೆರೆಯಿತು. ಮನಸ್ಸಿನ ಭಾರ ಹೇಳಿಕೊಳ್ಳಲು 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಇದೆ. ದೂರವಾಣಿ 14416, ಹಗಲು ರಾತ್ರಿ ಉಚಿತ.

ಹಿಂದೆ ಸರಿಯುವುದೆಂದರೆ ಕೈಬಿಡುವುದಲ್ಲ. ಹೋದ ನಮ್ಮ ಮನೆಯವರು ತಾವಾಗಿಯೇ ಮರಳಿ ಬಂದರು. ತಾಯಿಯವರಿಗೆ ಕೊನೆಯ ಗುಟುಕು ನೀರು ಹಾಕಿದ್ದು ಅದೇ ಕೈ.

ಸದಸ್ಯರಲ್ಲಿ ಒಂದೇ ಬಿನ್ನಹ. ರೋಗಿಯನ್ನು ನೋಡಲು ಹೋದಾಗ ಹಣ್ಣು ಒಯ್ಯದಿದ್ದರೂ ಚಿಂತೆಯಿಲ್ಲ. "ನಾವು ಎರಡು ತಾಸು ಕೂಡುತ್ತೇವೆ, ನೀವು ಮಲಗಿ" ಎನ್ನಿ. ಎಂದ ಮೇಲೆ ಕೂಡಿ.