ಕರಿಬೇವು ಬೇವಲ್ಲ, ನೆಲನೆಲ್ಲಿ ನೆಲ್ಲಿಯೇ



ಜೀವಿಗಳ ವರ್ಗೀಕರಣದ ಪಾಠ ಬಂದೊಡನೆ ಕರಿಹಲಗೆಯ ಮೇಲೆ ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಏಳು ಮೆಟ್ಟಿಲುಗಳು ಮೂಡುತ್ತವೆ. ಮಕ್ಕಳು ಅವನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಈ ಮೆಟ್ಟಿಲುಗಳನ್ನು ಏಕೆ ಕಟ್ಟಲಾಯಿತೆಂಬುದು ಮಾತ್ರ ಹೇಳದೆಯೇ ಉಳಿಯುತ್ತದೆ. ಅದನ್ನು ತಿಳಿಸಲು ಹಿತ್ತಿಲಿನ ನಾಲ್ಕಾರು ಗಿಡಗಳು ಸಾಕು. ಗಡಿನಾಡಿನ ಕನ್ನಡ ಶಾಲೆಗೆ ಇದರಲ್ಲೊಂದು ಅನುಕೂಲವೂ ಇದೆ: ಒಂದೇ ಗಿಡಕ್ಕೆ ಮನೆಯಲ್ಲೊಂದು, ಪೇಟೆಯಲ್ಲೊಂದು ಹೆಸರಿರುವುದು ಅಲ್ಲಿಯ ಮಗುವಿಗೆ ಹೊಸ ಸಂಗತಿಯಲ್ಲ.

ಬೇವು, ಹೆಬ್ಬೇವು, ಕರಿಬೇವು ಎಂಬ ಹೆಸರುಗಳನ್ನು ಕೇಳಿದವರಿಗೆ ಮೂರೂ ಒಂದೇ ಮನೆತನದವೆನಿಸುತ್ತದೆ. ತಮಿಳಿನ ವೇಂಬು ಮತ್ತು ಕರಿವೇಪ್ಪಿಲೈ, ಮಲಯಾಳದ ವೇಪ್ಪು ಮತ್ತು ಕರಿವೇಪ್ಪು, ತೆಲುಗಿನ ವೇಪ ಮತ್ತು ಕರಿವೇಪಾಕು ಇದೇ ನಂಟನ್ನು ಸಾರುತ್ತವೆ. ಮರಾಠಿ ಮಾತ್ರ ಕಡುಲಿಂಬ, ಕಢೀಪತ್ತಾ ಎಂದು ಬೇರೆ ದಾರಿ ಹಿಡಿದಿದೆ. ಸಸ್ಯಶಾಸ್ತ್ರವು ಇಲ್ಲಿ ಮರಾಠಿಯ ಪಕ್ಷ. ಬೇವೂ ಹೆಬ್ಬೇವೂ ಮೀಲಿಯೇಸಿ ಕುಟುಂಬದವು. ಕರಿಬೇವಾದರೋ ನಿಂಬೆ, ಕಿತ್ತಳೆ, ಬಿಲ್ವಗಳಿರುವ ರೂಟೇಸಿ ಕುಟುಂಬದ್ದು. ಇದನ್ನು ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ. ಕರಿಬೇವಿನ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ನಿಂಬೆಯ ಎಲೆಯಲ್ಲಿರುವಂಥ ಸೂಕ್ಷ್ಮ ಚುಕ್ಕೆಗಳು ಕಾಣುತ್ತವೆ. ಅವು ತೈಲಗ್ರಂಥಿಗಳು, ಒಗ್ಗರಣೆಯ ಪರಿಮಳ ಅವುಗಳದೇ. ಹೂವಿನಲ್ಲಿಯೂ ವ್ಯತ್ಯಾಸವಿದೆ. ಬೇವಿನ ಹೂವಿನಲ್ಲಿ ಕೇಸರಗಳು ಕೂಡಿಕೊಂಡು ಕೊಳವೆಯಾಗಿವೆ. ಕರಿಬೇವಿನ ಹತ್ತು ಕೇಸರಗಳು ಬಿಡಿಬಿಡಿಯಾಗಿವೆ.

ಹಾಗೆಂದು ಜನರಿಟ್ಟ ಹೆಸರುಗಳೆಲ್ಲ ತಪ್ಪೆಂಬ ತೀರ್ಮಾನಕ್ಕೆ ಮಕ್ಕಳು ಬಂದರೆ ಪಾಠ ಕೆಟ್ಟಂತೆ. ನೆಲ್ಲಿಯನ್ನೂ ನೆಲನೆಲ್ಲಿಯನ್ನೂ ನೋಡಿ. ಒಂದು ಮರ, ಇನ್ನೊಂದು ಮಳೆಗಾಲದಲ್ಲಿ ಅಂಗಳದ ಅಂಚಿಗೆ ಹುಟ್ಟುವ ಗೇಣುದ್ದದ ಗಿಡ. ಇವೆರಡಕ್ಕೂ ನಂಟಿದೆಯೆಂದು ಕನ್ನಡ ಮಾತ್ರವಲ್ಲ, ಮಲಯಾಳದ ಕೀಳಾರ್‌ನೆಲ್ಲಿ, ತಮಿಳಿನ ಕೀಳಾನೆಲ್ಲಿ, ತೆಲುಗಿನ ನೇಲ ಉಸಿರಿ, ಮರಾಠಿಯ ಭುಯಿ ಆವಳಾ ಎಲ್ಲವೂ ಹೇಳುತ್ತವೆ. ಸಸ್ಯಶಾಸ್ತ್ರದ ಹೆಸರುಗಳೂ ಅದನ್ನೇ ಹೇಳುತ್ತವೆ: ಫಿಲಾಂಥಸ್ ಎಂಬ್ಲಿಕಾ, ಫಿಲಾಂಥಸ್ ಅಮಾರಸ್. ಮೊದಲ ಪದ ಜಾತಿಯದು, ಎರಡನೆಯದು ಪ್ರಭೇದದ್ದು. (‘ಜಾತಿ’ ಎಂಬ ಪಾರಿಭಾಷಿಕ ಪದ ಸುಖಕರವಾದ ಆಯ್ಕೆಯಲ್ಲ, ಮಕ್ಕಳ ಕಿವಿಗೆ ಅದು ಬೇರೆಯೇ ಅರ್ಥವನ್ನು ಹೊತ್ತು ತರುತ್ತದೆ. ‘ಮನೆತನ’ ಎಂದು ವಿವರಿಸಿದರೆ ಏನೂ ನಷ್ಟವಿಲ್ಲ.) ಫಿಲಾಂಥಸ್ ಎಂದರೆ ಗ್ರೀಕಿನಲ್ಲಿ ಎಲೆ-ಹೂ. ನೆಲನೆಲ್ಲಿಯ ಕಡ್ಡಿಯನ್ನು ಮಗುಚಿದರೆ ಎಲೆಗಳ ಬುಡದಲ್ಲಿ ಸಾಲಾಗಿ ಕಾಯಿಗಳಿರುತ್ತವೆ. ಆ ಪುಟ್ಟ ಕಾಯಿಯಲ್ಲಿ ಮೂರು ಕೋಣೆ, ಆರು ಬೀಜ. ನೆಲ್ಲಿಕಾಯಿಯ ಗೊರಟನ್ನು ಒಡೆದು ಎಣಿಸಿದರೂ ಮೂರು ಕೋಣೆ, ಆರು ಬೀಜ. ಸೂಕ್ಷ್ಮದರ್ಶಕ ಬೇಡ, ಒಂದು ಕಲ್ಲು ಸಾಕು.

ಹೆಸರಿನ ಗೊಂದಲ ಪರೀಕ್ಷೆಯ ಅಂಕಕ್ಕಷ್ಟೇ ಸಂಬಂಧಿಸಿದ್ದಲ್ಲ. ‘ಬ್ರಾಹ್ಮಿ’ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಒಂದೆಲಗ ಅಂದರೆ ಸೆಂಟೆಲ್ಲಾ ಏಸಿಯಾಟಿಕಾ. ಅದು ಕೊತ್ತಂಬರಿ, ಜೀರಿಗೆಗಳ ಕುಟುಂಬದ್ದು. ನೀರುಬ್ರಾಹ್ಮಿ ಅಂದರೆ ಬಕೋಪಾ ಮೊನ್ನಿಯೇರಿ. ಒಂದೆಲಗಕ್ಕೂ ಅದಕ್ಕೂ ನಂಟಿಲ್ಲ. ಎರಡರಲ್ಲಿರುವ ಸಾರವೂ ಬೇರೆ ಬೇರೆ. ಔಷಧದ ಸೀಸೆಯ ಮೇಲೆ ‘ಬ್ರಾಹ್ಮಿ’ ಎಂದಷ್ಟೇ ಇದ್ದರೆ ಒಳಗಿರುವುದು ಯಾವುದೆಂದು ಕೊಂಡವನಿಗೆ ತಿಳಿಯದು. ಎರಡು ಪದಗಳ ಹೆಸರು ಬೇಕಾದದ್ದು ಇಲ್ಲಿ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ‘ಸ್ಪೀಶೀಸ್ ಪ್ಲಾಂಟಾರಮ್’ ಗ್ರಂಥವನ್ನೇ ಸಸ್ಯನಾಮಗಳ ಆರಂಭವೆಂದು ಅಂತಾರಾಷ್ಟ್ರೀಯ ನಿಯಮ ಒಪ್ಪಿಕೊಂಡಿದೆ. ಪ್ರಾಣಿಗಳಿಗೆ ಅವನದೇ ಇನ್ನೊಂದು ಗ್ರಂಥದ 1758ರ ಆವೃತ್ತಿ.

ಈ ಹೆಸರುಗಳು ಲ್ಯಾಟಿನಿನ ಉಡುಗೆ ತೊಟ್ಟಿದ್ದರೂ ಎಲ್ಲವೂ ಪರದೇಶದವಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ‘ಹೊರ್ಟುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಮೂವರು ಕೊಂಕಣಿ ವೈದ್ಯರೂ ಅದಕ್ಕೆ ನೆರವಾದವರು. ಗಿಡಗಳ ನಾಡ ಹೆಸರುಗಳು ಆ ಗ್ರಂಥದ ಮೂಲಕ ಯುರೋಪಿಗೆ ಹೋದವು. ಬಸಳೆಯ ಶಾಸ್ತ್ರೀಯ ನಾಮ ಬಸೆಲ್ಲಾ. ಹೊಂಗೆಯದು ಪೊಂಗಾಮಿಯಾ ಪಿನ್ನಾಟಾ. ಹಳಗನ್ನಡದ ಪಾಲು ಹಾಲಾಗಿ, ಪೂ ಹೂವಾಗಿ ಬಂದದ್ದನ್ನು ಕಲಿಸುವ ಕನ್ನಡ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಬಿಟ್ಟುಕೊಟ್ಟ ಪಕಾರವನ್ನು ಮಲಯಾಳ, ತಮಿಳುಗಳು ಉಳಿಸಿಕೊಂಡವು. ಅಲ್ಲಿಂದ ಅದು ಶಾಸ್ತ್ರೀಯ ನಾಮದೊಳಗೆ ಸೇರಿತು. ವಿಜ್ಞಾನದ ತರಗತಿಯೂ ಭಾಷೆಯ ತರಗತಿಯೂ ಒಂದು ದಿನ ಹೊಂಗೆಯ ನೆರಳಿನಲ್ಲಿ ಒಟ್ಟಿಗೆ ನಡೆಯಬಹುದು.

ಶಾಸ್ತ್ರೀಯ ನಾಮಗಳೂ ಬದಲಾಗುತ್ತವೆ, ಮತ್ತು ಇದರಿಂದ ಅಧ್ಯಾಪಕರಿಗೆ ತೊಡಕುಂಟು. ಬೇವನ್ನು ಲಿನೇಯಸ್ ಮೀಲಿಯಾ ಜಾತಿಯಲ್ಲಿ ಇಟ್ಟಿದ್ದ. ಆಮೇಲೆ ಅದು ಅಜಾಡಿರಾಕ್ಟಾ ಇಂಡಿಕಾ ಆಯಿತು. ಕರಿಬೇವಿಗೆ ಅವನು ಕೊಟ್ಟ ಹೆಸರು ಬರ್ಗೆರಾ ಕೋನಿಗೈ. ಬಹುಕಾಲ ಅದು ಮುರ್ರಾಯಾ ಎಂಬ ಜಾತಿಯಲ್ಲಿತ್ತು. ಈಗ ಹಳೆಯ ಹೆಸರಿಗೇ ಮರಳಿದೆ. ನೆಲ್ಲಿಯದು ಹಳೆಯ ಪುಸ್ತಕಗಳಲ್ಲಿ ಎಂಬ್ಲಿಕಾ ಅಫಿಸಿನಾಲಿಸ್ ಎಂದಿರುತ್ತದೆ. ಫಿಲಾಂಥಸ್ ಜಾತಿಯನ್ನು ಒಡೆದು ಆ ಹೆಸರನ್ನೇ ಮತ್ತೆ ತರಬೇಕೆನ್ನುವ ತಜ್ಞರೂ ಇದ್ದಾರೆ. ಆದ್ದರಿಂದ ಉತ್ತರಪತ್ರಿಕೆಯಲ್ಲಿ ಈ ಎರಡರಲ್ಲಿ ಯಾವುದು ಬಂದರೂ ಅಂಕ ಕಳೆಯುವುದು ನ್ಯಾಯವಲ್ಲ. ಪಕ್ಕದಲ್ಲಿ ಮಗು ‘ನೆಲ್ಲಿ’ ಎಂದೋ ‘ಆವಳಾ’ ಎಂದೋ ಬರೆದಿದ್ದರೆ ಅದನ್ನು ಹೊಡೆದುಹಾಕುವುದೂ ಬೇಡ.