ಹೊರಗಿನವರಿಗೆ ಇಲ್ಲೇನು ಕೆಲಸ?



ಗಿರಣಿಗೆ ಫ್ಯಾಕ್ಟರಿ ಇನ್‌ಸ್ಪೆಕ್ಟರು ಬಂದ ದಿನ ಮಾಲೀಕರ ಮುಖ ಹೇಗಿರುತ್ತದೆಂಬುದನ್ನು ನಾವೆಲ್ಲ ಬಲ್ಲೆವು. "ಗಿರಣಿ ನಮ್ಮದು, ಆಳುಗಳು ನಮ್ಮವರು, ಹೊರಗಿನವರಿಗೆ ಇಲ್ಲೇನು ಕೆಲಸ?" ಸರ್ಕಾರಗಳೂ ತಮ್ಮ ಪ್ರಜೆಗಳ ವಿಷಯದಲ್ಲಿ ಇದೇ ಮಾತನ್ನಾಡುತ್ತ ಬಂದಿವೆ. ಈ ಮಾತನ್ನು ವಿಶ್ವಸಂಸ್ಥೆಯಲ್ಲಿ ಮೊದಲು ಎದುರಿಸಿದ ದೇಶ ನಮ್ಮದು. ಮುಂದೆ ಅದರ ಆಶ್ರಯ ಪಡೆದ ದೇಶವೂ ನಮ್ಮದೇ.

1946ರಲ್ಲಿ ದಕ್ಷಿಣ ಆಫ್ರಿಕದ ಸರ್ಕಾರ ಒಂದು ಕಾಯಿದೆ ಮಾಡಿತು. ನಟಾಲ್, ಟ್ರಾನ್ಸ್‌ವಾಲ್ ಪ್ರಾಂತಗಳಲ್ಲಿ ಭಾರತೀಯರು ಎಲ್ಲಿ ಜಮೀನು ಕೊಳ್ಳಬೇಕು, ಎಲ್ಲಿ ನೆಲೆಸಬೇಕು ಎಂಬುದಕ್ಕೆ ಗೆರೆ ಎಳೆಯಿತು. ಅಲ್ಲಿನ ನಮ್ಮ ಜನ ಅದನ್ನು 'ಘೆಟ್ಟೊ ಕಾಯಿದೆ' ಎಂದೇ ಕರೆದರು. ನಮಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಆದರೂ ಭಾರತ ಆ ದೇಶದೊಡನೆ ವ್ಯಾಪಾರವನ್ನೇ ನಿಲ್ಲಿಸಿ ವಿಶ್ವಸಂಸ್ಥೆಗೆ ಫಿರ್ಯಾದು ಕೊಟ್ಟಿತು. ನಮ್ಮ ನಿಯೋಗದ ಮುಂದಾಳು ವಿಜಯಲಕ್ಷ್ಮಿ ಪಂಡಿತರು. ಎದುರಿಗೆ ಜನರಲ್ ಸ್ಮಟ್ಸ್. ಹಿಂದಿನ ವರ್ಷ ವಿಶ್ವಸಂಸ್ಥೆಯ ಸನದಿನ ಪೀಠಿಕೆಗೆ ಕರಡು ಬರೆದುಕೊಟ್ಟ ಮಹಾಶಯರು ಇವರೇ! ಇದು ನಮ್ಮ ಮನೆಯ ವಿಚಾರ ಎಂದರು ಅವರು. ಸಭೆ ಒಪ್ಪಲಿಲ್ಲ. ಡಿಸೆಂಬರ್ 8ರಂದು 32 ಮತಗಳಿಂದ, 15 ವಿರುದ್ಧವಾಗಿ, ಠರಾವು ಪಾಸಾಯಿತು. ಕೈಗೊಂಡ ಕ್ರಮಗಳ ಬಗ್ಗೆ ಮುಂದಿನ ಅಧಿವೇಶನಕ್ಕೆ ವರದಿ ಕೊಡಿ ಎಂದು ಅದರಲ್ಲಿ ಬರೆದಿತ್ತು.

ಅದೇ 1946ರಲ್ಲಿ ಡಾ. ಅಂಬೇಡ್ಕರರು ಅಮೆರಿಕದ ನೀಗ್ರೋ ನಾಯಕ ಡುಬಾಯ್ಸ್ ಅವರಿಗೆ ಒಂದು ಕಾಗದ ಬರೆದರು. ನೀಗ್ರೋ ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಬೇಕು, ಅಸ್ಪೃಶ್ಯರೂ ಹಾಗೆಯೇ ಮಾಡುವ ಆಲೋಚನೆಯಲ್ಲಿದ್ದಾರೆ ಎಂದು ಕೇಳಿದರು. ಒಂದೇ ಬಾಗಿಲಿಗೆ ಒಂದೇ ವರ್ಷ ನಮ್ಮವರಿಬ್ಬರ ಕಣ್ಣು ಬಿದ್ದಿತ್ತು. ಒಬ್ಬರು ತಟ್ಟಿದರು, ಇನ್ನೊಬ್ಬರ ಸರದಿ ಬರಲು ಅರ್ಧ ಶತಮಾನ ಹಿಡಿಯಿತು.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ ಪೊಲೀಸರ ಗುಂಡಿಗೆ 69 ಮಂದಿ ಕರಿಯರು ಬಲಿಯಾದರು. ಲೋಕ ಬೆಚ್ಚಿತು. 1965ರಲ್ಲಿ ಜನಾಂಗಭೇದ ನಿರ್ಮೂಲನೆಯ ಒಡಂಬಡಿಕೆ ಸಿದ್ಧವಾಯಿತು. 1968ರಲ್ಲಿ ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದನ್ನು ನೋಡಿಕೊಳ್ಳಲು 18 ಜನ ತಜ್ಞರ ಸಮಿತಿಯಿದೆ, ಜಿನೀವಾದಲ್ಲಿ ಸೇರುತ್ತದೆ. ಪ್ರತಿ ದೇಶವೂ ಎರಡು ವರ್ಷಕ್ಕೊಮ್ಮೆ ವರದಿ ಕೊಡಬೇಕೆಂಬುದು ನಿಯಮ. ಸಮಿತಿಗೆ ದಂಡ ಹಾಕುವ ಅಧಿಕಾರವಿಲ್ಲ, ಜೈಲಿಲ್ಲ. ಎಲ್ಲರೆದುರು ಪ್ರಶ್ನೆ ಕೇಳುತ್ತದೆ, ತಪ್ಪನ್ನು ಬರೆದಿಡುತ್ತದೆ, ಅಷ್ಟೇ.

ಒಡಂಬಡಿಕೆಯಲ್ಲಿ ಜನಾಂಗ, ಬಣ್ಣಗಳ ಜೊತೆಗೆ 'ವಂಶ' ಎಂಬ ಮಾತೂ ಇದೆ. ಅದನ್ನು ಸೇರಿಸಬೇಕೆಂದು ಸೂಚಿಸಿದವರು ಯಾರು ಬಲ್ಲಿರಾ? ಭಾರತದ ಪ್ರತಿನಿಧಿಗಳು! ಆದರೆ 1996ರಲ್ಲಿ ಅದೇ ಸಮಿತಿ ಜಾತಿಯ ಬಗ್ಗೆ ಕೇಳಿದಾಗ ನಮ್ಮ ಸರ್ಕಾರ, ಜಾತಿ ಜನಾಂಗವಲ್ಲ, ಅದು ಈ ಒಡಂಬಡಿಕೆಯೊಳಗೆ ಬಾರದು ಎಂದಿತು. ಜನಾಂಗವಲ್ಲವೆಂಬುದು ನಿಜವೇ ಇರಬಹುದು. ಬೊಂಬಾಯಿಯ ಗಿರಣಿಗಳ ನೆನಪು ಮಾಡಿಕೊಳ್ಳೋಣ. 1920ರ ದಶಕದಲ್ಲಿ ಅಲ್ಲಿ ಹೆಚ್ಚು ಕೂಲಿಯ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಕೆಲಸದಲ್ಲಿ ನೂಲಿಗೆ ಬಾಯಿ ತಾಗಿಸಬೇಕಾಗುತ್ತಿತ್ತು. ಅವರ ಬಾಯಿ ತಾಗಿದ ನೂಲನ್ನು ಮುಟ್ಟೆವೆಂದವರು ಮಾಲೀಕರಲ್ಲ, ನಮ್ಮಂಥ ಕಾರ್ಮಿಕರೇ. ಅವರ ಬಣ್ಣ ಬೇರೆಯಿತ್ತೇ? ಭಾಷೆ ಬೇರೆಯಿತ್ತೇ? ಹುಟ್ಟಿದ ಮನೆ ಬೇರೆ, ಅಷ್ಟೇ. 'ವಂಶ' ಎಂಬ ಮಾತಿಗೆ ಇದಕ್ಕಿಂತ ನೇರವಾದ ಅರ್ಥ ಬೇಕೆ?

ಸಮಿತಿಯೂ ಹಾಗೆಯೇ ಹೇಳಿತು. 2002ರಲ್ಲಿ, ವಂಶವೆಂದರೆ ಜಾತಿಯೂ ಸೇರಿತು ಎಂದು ಸ್ಪಷ್ಟಪಡಿಸಿತು. 2006ರ ಡಿಸೆಂಬರಿನಲ್ಲಿ ಪ್ರಧಾನಿ ಮನಮೋಹನ ಸಿಂಗರು ದೆಹಲಿಯ ಸಭೆಯೊಂದರಲ್ಲಿ ಅಸ್ಪೃಶ್ಯತೆಯನ್ನು ದಕ್ಷಿಣ ಆಫ್ರಿಕದ ವರ್ಣಭೇದಕ್ಕೇ ಹೋಲಿಸಿದರು. ಎರಡು ತಿಂಗಳಾಗಿತ್ತೋ ಇಲ್ಲವೋ, ಜಿನೀವಾದಲ್ಲಿ ಅವರದೇ ಸರ್ಕಾರದ ನಿಯೋಗ ಹಳೆಯ ಪಾಠವನ್ನೇ ಒಪ್ಪಿಸಿತು.

ನೊಂದವನೊಬ್ಬ ನೇರವಾಗಿ ಈ ಸಮಿತಿಗೆ ದೂರು ಕೊಡಲು ಒಡಂಬಡಿಕೆಯ 14ನೆಯ ವಿಧಿಯಲ್ಲಿ ದಾರಿಯಿದೆ. ಅದಕ್ಕೆ ಅವನ ದೇಶ ಮೊದಲು ಒಪ್ಪಬೇಕು. ದಕ್ಷಿಣ ಆಫ್ರಿಕ ಒಪ್ಪಿದೆ, ಭಾರತ ಒಪ್ಪಿಲ್ಲ. ಆದರೆ ಸರ್ಕಾರದ ವರದಿ ಚರ್ಚೆಗೆ ಬಂದಾಗ ಜನಸಂಘಟನೆಗಳು ತಮ್ಮ ಮಾಹಿತಿಯನ್ನೂ ಕಳಿಸಬಹುದು. 2007ರಲ್ಲಿ ದಲಿತ ಸಂಘಟನೆಗಳು ಕಳಿಸಿದ್ದವು. ಕಾರ್ಮಿಕ ಸಂಘಗಳಿಗೂ ಆ ದಾರಿ ಮುಚ್ಚಿಲ್ಲ. ಯಾವ ಖಾತೆಯಲ್ಲಿ ಯಾರಿದ್ದಾರೆ, ಕಸ ಗುಡಿಸುವ ಕೆಲಸಕ್ಕೆ ಯಾವ ಕೇರಿಯವರನ್ನೇ ಹಚ್ಚುತ್ತಾರೆ ಎಂಬ ಲೆಕ್ಕ ನಮ್ಮ ಸಂಘದ ರಿಜಿಸ್ಟರಿನಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.